ಎರೆ ಬಿರಿದಾಗ ಬರ ಕಂಡವರು

ಏಪ್ರಿಲ್ ಕೊನೆಯ ವಾರ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ. ಮುಂಭಾಗದಲ್ಲಿ ಬಾಯಿಬಿಟ್ಟ ಕಪ್ಪು ನೆಲ. ಅದರಾಚೆ ಒಬ್ಬ ಮುದುಕ, ಹಣೆಗೆ ಅಡ್ಡ ಹಿಡಿದ ಕೈ, ಆಕಾಶ ನೋಡುವ ಕಣ್ಣು. ವಿಜಯಪುರ ಜಿಲ್ಲೆಯ ಊರು, ಒಂದು ವರ್ಷ ಇಂಡಿ, ಇನ್ನೊಂದು ವರ್ಷ ಸಿಂದಗಿ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೂ ಸರದಿ ಬರುತ್ತದೆ. ಅಡಿಬರಹ ಮಾತ್ರ ಹೆಚ್ಚು ಬದಲಾಗುವುದಿಲ್ಲ: ಬರದ ಬೇಗೆ, ಬಾಯ್ದೆರೆದ ಭೂಮಿ.

ಇದೇ ಚಿತ್ರವನ್ನು ಡೋಣಿ ನದಿ ಸಾಲಿನ ರೈತನ ಕೈಗೆ ಕೊಟ್ಟರೆ ಅವನು ಕೇಳಬಹುದಾದ ಮೊದಲ ಪ್ರಶ್ನೆ, ಇದು ಯಾವ ತಿಂಗಳದ್ದು ಎಂಬುದು. ಬೇಸಿಗೆಯಲ್ಲಿ ಬಿರಿಯದ ಎರೆ ಹೊಲವನ್ನು ಅವನು ಕಂಡಿರುವುದಿಲ್ಲ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೇರಳ. ನೀರು ಕುಡಿದಾಗ ಅದರ ಪದರಗಳು ಉಬ್ಬುತ್ತವೆ, ಆರಿದಾಗ ಕುಗ್ಗುತ್ತವೆ. ಕುಗ್ಗಿದ ನೆಲ ಬಿರಿಯಲೇಬೇಕು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ ಮಣ್ಣಲ್ಲಿ ಉಳಿದ ಹಸಿಯನ್ನೇ ಹೀರಿ ಬೆಳೆಯುವುದರಿಂದ, ಆಳೆತ್ತರದ ಬೆಳೆಯ ಬುಡದಲ್ಲೇ ಬಿರುಕು ಮೂಡತೊಡಗುತ್ತದೆ. ಸಾಲಿನ ನಡುವೆ ಎಡೆ ಹೊಡೆಯುವ ಕೆಲಸದ ಒಂದು ಉದ್ದೇಶವೇ ಈ ಬಿರುಕು ಮುಚ್ಚಿ ಹಸಿ ಆರದಂತೆ ನೋಡಿಕೊಳ್ಳುವುದು. ಸುಗ್ಗಿ ಮುಗಿದ ಮೇಲೆ ಮುಚ್ಚುವವರು ಯಾರು? ಕಣ ತುಂಬಿಸಿದ ಹೊಲವೂ ಮೇ ತಿಂಗಳಲ್ಲಿ ಬಿರಿಯುತ್ತದೆ, ಕಾಳು ಕಟ್ಟದ ಹೊಲವೂ ಬಿರಿಯುತ್ತದೆ. ಮುಂಗಾರಿನ ಮೊದಲ ನೀರು ಆಳಕ್ಕೆ ಇಳಿಯುವುದು ಇವೇ ಬಿರುಕುಗಳ ದಾರಿಯಲ್ಲಿ.

ಹಾಗೆಂದು ಚಿತ್ರ ಸುಳ್ಳೆನ್ನಲು ಬರುವುದಿಲ್ಲ. ಬಿರುಕೂ ನಿಜ, ಮುದುಕನೂ ನಿಜ. ಈ ನೆಲದ ಬರವಂತೂ ಬಹಳ ಹಳೆಯದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಹೇಳಿದ ಹೊತ್ತಿಗೆ ಬಾರದ ಮಳೆ. 1876–78ರ ಮಹಾಕ್ಷಾಮದಲ್ಲಿ ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಪ್ರದೇಶದ ಜನಸಂಖ್ಯೆ ಸುಮಾರು 8 ಲಕ್ಷದಿಂದ, 1881ರ ಗಣತಿಯ ಹೊತ್ತಿಗೆ 6.4 ಲಕ್ಷದ ಹತ್ತಿರಕ್ಕೆ ಕುಸಿದಿತ್ತು. ಪ್ರಶ್ನೆ ಇರುವುದು ಬೇರೆ ಕಡೆ. ಬರವನ್ನು ಮನಸ್ಸಿನಲ್ಲಿ ತುಂಬಿಕೊಂಡು ಜೀಪಿನಿಂದ ಇಳಿದ ಛಾಯಾಗ್ರಾಹಕನ ಕಣ್ಣು ಮೊದಲು ನೆಲಕ್ಕೇ ಏಕೆ ಹೋಗುತ್ತದೆ, ಪಕ್ಕದ ಬಣವೆಗೆ ಏಕೆ ಹೋಗುವುದಿಲ್ಲ?

ಬಿರಿದ ನೆಲದ ಚಿತ್ರ ಬರಕ್ಕೆ ಸಾಕ್ಷಿಯೇ ಎಂಬ ಜಗಳ ಒಮ್ಮೆ ಒಂದು ದೇಶದ ಚುನಾವಣೆಯ ಅಂಗಳಕ್ಕೇ ಬಂದಿತ್ತು. 1936ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದ ಪರವಾಗಿ ಬರ ಚಿತ್ರಿಸಲು ಹೊರಟಿದ್ದ ಆರ್ಥರ್ ರಾಥ್‌ಸ್ಟೀನ್ ಎಂಬ ಯುವಕನಿಗೆ ಸೌತ್ ಡಕೋಟಾದ ಬಿರುಕುಬಿಟ್ಟ ಬಯಲಿನಲ್ಲಿ ದನದ ತಲೆಬುರುಡೆಯೊಂದು ಸಿಕ್ಕಿತು. ಬಿಸಿಲಿನಲ್ಲಿ ಬಿಳಿಚಿದ ಬುರುಡೆ, ಅದರ ನೆರಳು, ಕೆಳಗೆ ಚೌಳು ನೆಲದ ಬಿರುಕು. ನೆರಳು–ಬೆಳಕು ಬೇರೆ ಬೇರೆ ಬಗೆಯಲ್ಲಿ ಸಿಗಲೆಂದು ಅವನು ಬುರುಡೆಯನ್ನು ಕೆಲವು ಅಡಿ ಸರಿಸಿ ಮತ್ತೆ ಮತ್ತೆ ತೆಗೆದ. ಅದೇ ವರ್ಷ ಅಧ್ಯಕ್ಷ ರೂಸ್‌ವೆಲ್ಟ್ ಮರುಚುನಾವಣೆಗೆ ನಿಂತಿದ್ದರು. ಬುರುಡೆ ಚಿತ್ರದಿಂದ ಚಿತ್ರಕ್ಕೆ ಜಾಗ ಬದಲಿಸಿದ್ದನ್ನು ಪತ್ತೆಹಚ್ಚಿದ ವಿರೋಧಿ ಪತ್ರಿಕೆಗಳು ಸರ್ಕಾರವೇ ಬರ ಸೃಷ್ಟಿಸುತ್ತಿದೆ ಎಂದು ಹುಯಿಲೆಬ್ಬಿಸಿದವು. ಅಂಥ ಚೌಳು ನೆಲ ಯಾವ ವರ್ಷವಾದರೂ ಬಿರಿದೇ ಇರುತ್ತದೆ ಎಂಬುದು ಅವರ ಇನ್ನೊಂದು ವಾದ. ರಾಥ್‌ಸ್ಟೀನ್‌ಗೆ ಬುರುಡೆ ಒಂದು ಆಕಾರದ ಅಭ್ಯಾಸವಾಗಿತ್ತು. ಪತ್ರಿಕೆಗಳಿಗೆ ಅದು ಸಾಕ್ಷಿಯಾಯಿತು. ಬರ ಮಾತ್ರ ಎರಡೂ ಕಡೆಯವರ ಮಾತಿಗೆ ಕಾಯದೆ ಹೊಲಗಳನ್ನು ತಿನ್ನುತ್ತಲೇ ಇತ್ತು.

ಕಣ್ಣು ಹೀಗೆ ತನಗೆ ಬೇಕಾದದ್ದನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ಗೆರೆ ಎಳೆದು ತೋರಿಸಿದವನು ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್. ಇಲ್ಯಾ ರೆಪಿನ್‌ನ ಒಂದು ವರ್ಣಚಿತ್ರವನ್ನು ಅವನು ನೋಡುಗನ ಮುಂದಿಟ್ಟ: ಬಹುಕಾಲ ದೂರವಿದ್ದವನೊಬ್ಬ ಇದ್ದಕ್ಕಿದ್ದಂತೆ ಮನೆಯೊಳಗೆ ಕಾಲಿಡುವ ದೃಶ್ಯ. ಇವರ ವಯಸ್ಸೆಷ್ಟು ಎಂದು ಕೇಳಿದಾಗ ನೋಡುಗನ ಕಣ್ಣು ಮುಖದಿಂದ ಮುಖಕ್ಕೆ ಹಾರಿತು. ಮನೆಯವರು ಎಷ್ಟು ಸ್ಥಿತಿವಂತರು ಎಂದಾಗ ಅದೇ ಕಣ್ಣು ಪೀಠೋಪಕರಣ, ಬಟ್ಟೆಬರೆಗಳ ಮೇಲೆ ಅಲೆಯಿತು. ಚಿತ್ರ ಒಂದೇ, ಕಣ್ಣು ನಡೆದ ದಾರಿಯ ನಕ್ಷೆ ಮಾತ್ರ ಪ್ರತಿ ಪ್ರಶ್ನೆಗೂ ಬೇರೆ. ಕಚೇರಿಯಿಂದ ‘ಒಂದು ಬರದ ಫೋಟೊ ಕಳಿಸಿ’ ಎಂದು ಹೇಳಿಸಿಕೊಂಡು ಹೊರಟವನೂ ಅಂಥದೇ ಪ್ರಶ್ನೆಯೊಂದನ್ನು ಹೊತ್ತು ಹೊರಟಿರುತ್ತಾನೆ.

ಪ್ರಶ್ನೆಯ ಮೇಲೆ ಮನಃಸ್ಥಿತಿಯದೂ ಒಂದು ಪದರ ಇರುತ್ತದೆ. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಡುವೆ ಒಂದು ಮುಖ, ಸುತ್ತ ಒಂದು ಮನೆ ಇರುವ ಚಿತ್ರಗಳನ್ನು ತೋರಿಸಿ, ಮುಖ ಗಂಡಿನದೋ ಹೆಣ್ಣಿನದೋ ಎಂದಷ್ಟೇ ಕೇಳಿದರು. ನೋಡುಗರ ಮನಸ್ಸು ಹಗುರಾಗುವಂತೆ ಮಾಡಿದಾಗ, ಸ್ಥಳಗಳನ್ನು ಗುರುತಿಸುವ ಮಿದುಳಿನ ಭಾಗ ಸುತ್ತಲಿನ ಮನೆಗೂ ಹೆಚ್ಚು ಸ್ಪಂದಿಸಿತು. ಮನಸ್ಸು ಕೆಡಿಸಿದಾಗ ಆ ಸ್ಪಂದನ ಕುಗ್ಗಿತು. ಖುಷಿಯಲ್ಲಿದ್ದಾಗ ಅಂಚೂ ಕಾಣುತ್ತದೆ, ಬೇಸರದಲ್ಲಿ ನಡುವಿನದಷ್ಟೇ ಉಳಿಯುತ್ತದೆ. ಛಾಯಾಗ್ರಾಹಕನಿಗೆ ಇದು ಸಣ್ಣ ಸಂಗತಿಯಲ್ಲ, ಅಂಚಿನಲ್ಲಿ ಏನನ್ನು ಒಳಗಿಡಬೇಕು ಏನನ್ನು ಬಿಡಬೇಕು ಎಂಬುದೇ ಅವನ ಅರ್ಧ ಕಸುಬು.

ಇನ್ನೂ ನೇರವಾದ ಪುರಾವೆ ಸಿಕ್ಕಿದ್ದು ಇನ್‌ಸ್ಟಾಗ್ರಾಂನಲ್ಲಿ. ಆಂಡ್ರ್ಯೂ ರೀಸ್ ಮತ್ತು ಕ್ರಿಸ್ಟೋಫರ್ ಡ್ಯಾನ್‌ಫೋರ್ತ್ 166 ಜನರ 43,950 ಫೋಟೊಗಳನ್ನು ಕಂಪ್ಯೂಟರಿನಿಂದ ಅಳೆಸಿ 2017ರಲ್ಲಿ ವರದಿ ಮಾಡಿದರು. ಖಿನ್ನತೆಯ ಇತಿಹಾಸ ಇದ್ದವರ ಚಿತ್ರಗಳು ಸರಾಸರಿಯಲ್ಲಿ ಹೆಚ್ಚು ನೀಲಿ, ಹೆಚ್ಚು ಮಬ್ಬು, ಹೆಚ್ಚು ಕಪ್ಪು. ಅವರು ಫಿಲ್ಟರ್ ಹಾಕುವುದೇ ಕಡಿಮೆ; ಹಾಕಿದರೆ ಒಲವು ಬಣ್ಣವನ್ನೆಲ್ಲ ಅಳಿಸಿಬಿಡುವ ‘ಇಂಕ್‌ವೆಲ್’ ಕಡೆಗೆ. ಉಳಿದವರು ಚಿತ್ರವನ್ನು ಬೆಳಗಿಸುವ ‘ವ್ಯಾಲೆನ್ಸಿಯಾ’ ಹೆಚ್ಚು ಬಳಸಿದ್ದರು. ಇದು ಗುಂಪಿನ ಸರಾಸರಿಯ ಮಾತು. ಯಾರದೋ ಒಂದು ಮಬ್ಬು ಫೋಟೊ ನೋಡಿ ಅವರ ಮನಸ್ಸಿಗೆ ಕಾಯಿಲೆ ಅಂಟಿಸುವ ಚಪಲ ಬೇಡ.

ಮನಸ್ಸು ಕ್ಯಾಮೆರಾದೊಳಗೆ ಇಳಿಯುವ ದಾರಿಗಳು ತೀರ ಸಾಮಾನ್ಯವಾದವು. ಯಾವ ಹೊತ್ತಿಗೆ ಹೋಗುವುದು, ನಿಂತು ತೆಗೆಯುವುದೋ ಕೂತು ತೆಗೆಯುವುದೋ, ಯಾವ ಲೆನ್ಸ್, ಎಷ್ಟು ಬೆಳಕು. ಬಿರುಕಿನ ಮೇಲೆ ಬಗ್ಗಿ ವೈಡ್ ಲೆನ್ಸ್ ಹಿಡಿದರೆ ಮೂರು ಬೆರಳಗಲದ ಸೀಳು ಕಂದರವಾಗುತ್ತದೆ, ಹಿಂದಿನ ಮನುಷ್ಯ ಗುಬ್ಬಚ್ಚಿಯಾಗುತ್ತಾನೆ. ಅದೇ ಜಾಗದಲ್ಲಿ ಎದ್ದು ನಿಂತು ಟೆಲಿ ಲೆನ್ಸ್ ಹಾಕಿದರೆ ಬಿರುಕು ಬರಿಯ ಗೆರೆ. ಮಟಮಟ ಮಧ್ಯಾಹ್ನದ ಬಿಸಿಲು ಮುಖದ ಸುಕ್ಕುಗಳಿಗೆ ಕಪ್ಪು ನೆರಳು ತುಂಬಿ ವಯಸ್ಸನ್ನು ಹತ್ತು ವರ್ಷ ಏರಿಸುತ್ತದೆ; ಸಂಜೆ ಆರರ ಬೆಳಕು ಅದೇ ಮುಖಕ್ಕೆ ಅರಿಸಿನ ಹಚ್ಚಿ ಕಳಿಸುತ್ತದೆ.

ಎರೆಭೂಮಿಯಲ್ಲಿ ಯಂತ್ರವೂ ತನ್ನದೊಂದು ಅಭಿಪ್ರಾಯ ಇಟ್ಟುಕೊಂಡಿರುತ್ತದೆ. ಕ್ಯಾಮೆರಾದ ಬೆಳಕಿನ ಮೀಟರು ಮುಂದಿರುವುದೆಲ್ಲ ಸುಮಾರಾಗಿ ನಡು ಬೂದು ಬಣ್ಣದ್ದೆಂದು ಹಿಡಿದು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕಪ್ಪು ಮಣ್ಣಿದ್ದರೆ ಬೆಳಕು ಸಾಲದೆಂದುಕೊಂಡು ಹೆಚ್ಚು ಬೆಳಕು ಒಳಬಿಡುತ್ತದೆ. ಆಗ ಮಣ್ಣು ಬೂದಿಯಂತೆ ಬಿಳಿಚುತ್ತದೆ, ಆಕಾಶ ಬಣ್ಣ ಕಳೆದುಕೊಳ್ಳುತ್ತದೆ. ನೋಡಿದವರಿಗೆ ಸತ್ತ ನೆಲ. ಎಕ್ಸ್‌ಪೋಶರನ್ನು ಒಂದೆರಡು ಹಂತ ಇಳಿಸಿದರೆ ಕಪ್ಪು ಕಪ್ಪಾಗಿಯೇ ಉಳಿದು, ಅದೇ ಹೊಲ ಬಿತ್ತನೆಗೆ ಅಣಿಯಾದ ಫಲವತ್ತು ಭೂಮಿಯಾಗಿ ಕಾಣುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ಮೀಟರು ಹೇಳಲಾರದು. ಈಗಿನ ಮೊಬೈಲುಗಳು ನೆರಳನ್ನು ತಾವಾಗಿಯೇ ಎತ್ತಿ, ಆಕಾಶಕ್ಕೆ ನೀಲಿ ಬಳಿದು, ಹಸಿರನ್ನು ಇನ್ನಷ್ಟು ಹಸಿರಾಗಿಸಿ, ಯಾರ ಮನಸ್ಸೂ ಅಲ್ಲದ ಒಂದು ಸದಾ ಸಂತೋಷದ ಮನಸ್ಸನ್ನು ತುಂಬಿ ಕೊಡುತ್ತವೆ. ಹಳೆಯ ಮೀಟರಿನ ಬೂದಿಗಿಂತ ಇದು ಹೆಚ್ಚು ಪ್ರಾಮಾಣಿಕವೆಂದು ಹೇಳುವುದು ಕಷ್ಟ.

ಈ ಸೀಮೆ ಕ್ಯಾಮೆರಾದ ಕಣ್ಣಿಗೆ ಬಿದ್ದದ್ದು ಬಹಳ ಬೇಗ. 1855ರಲ್ಲಿ ಬಾಂಬೆ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಬಾಂಬೆ ಸರ್ಕಾರ ಛಾಯಾಗ್ರಾಹಕನಾಗಿ ನೇಮಿಸಿ ಬಿಜಾಪುರ (ಇಂದಿನ ವಿಜಯಪುರ), ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಚಿತ್ರಿಸಲು ಕಳಿಸಿತು. ಅವನದು ಕಾಗದದ ನೆಗೆಟಿವ್. ಅದು ಬೆಳಕು ಹಿಡಿಯುವುದು ನಿಧಾನ, ಚಲಿಸಿದ್ದೆಲ್ಲ ಅಳಿಸಿಹೋಗುತ್ತಿತ್ತು. ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಬಿಳಿಯ ಖಾಲಿಯಾಗುತ್ತಿತ್ತು. ಹೀಗೆ ಜನ ಓಡಾಡುತ್ತಿದ್ದ ಊರು ಚಿತ್ರದಲ್ಲಿ ಗುಮ್ಮಟಗಳಷ್ಟೇ ಉಳಿದ ಹಾಳೂರಾಯಿತು. ತಂತ್ರ ತಂದ ಆ ಶೂನ್ಯ ಆ ಕಾಲದ ಯುರೋಪಿನ ಮನಸ್ಸಿಗೆ ಹೇಳಿ ಮಾಡಿಸಿದಂತಿತ್ತು, ಪೂರ್ವದ ರಾಜ್ಯಗಳೆಂದರೆ ಅವರಿಗೆ ಹಾಳು ಕೋಟೆ, ಬಿದ್ದ ವೈಭವ. 1866ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ವಾಸ್ತುಶಿಲ್ಪದ ಗ್ರಂಥ ಹೊರಬಂದಾಗ ಚಿತ್ರಗಳ ಜೊತೆಗೆ ಚರಿತ್ರೆ ಬರೆದವನು ಮೆಡೋಸ್ ಟೇಲರ್. ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದ್ದ ಟೇಲರ್ ಈ ನೆಲವನ್ನು ಬಲ್ಲವನೇ. ಆದರೆ ಕಾದಂಬರಿಕಾರ ಕೂಡ. ಬಿಜಾಪುರದ ದಿನಗಳನ್ನೇ ಹಿನ್ನೆಲೆಯಾಗಿಸಿ ‘ತಾರಾ’ ಎಂಬ ಕಾದಂಬರಿಯನ್ನು 1863ರಲ್ಲಷ್ಟೇ ಪ್ರಕಟಿಸಿದ್ದ.

ಬಿಗ್ಸ್‌ನ ಚಿತ್ರಗಳಿಂದ ಮನುಷ್ಯರು ಮಾಯವಾದದ್ದು ರಸಾಯನದ ಕಾರಣಕ್ಕೆ. ವಿಲ್ಲೋಬಿ ವಾಲೇಸ್ ಹೂಪರ್‌ನ ಚಿತ್ರಗಳಲ್ಲಿ ಮನುಷ್ಯರೇ ತುಂಬಿದ್ದಾರೆ, ಆದರೂ ಅವರು ಮನುಷ್ಯರಂತೆ ಕಾಣುವುದಿಲ್ಲ. ಮದ್ರಾಸ್ ಸೇನೆಯ ಈ ಅಧಿಕಾರಿ 1876–78ರ ಕ್ಷಾಮದಲ್ಲಿ ಎಲುಬಿನ ಹಂದರವಾದವರನ್ನು ಸಾಲಾಗಿ ಕೂರಿಸಿ, ಶಾಲೆಯ ಗ್ರೂಪ್ ಫೋಟೊದ ಹಾಗೆ ಜೋಡಿಸಿ ತೆಗೆದ. ಬಿಜಾಪುರ ಸೀಮೆಯನ್ನೂ ಹಿಂಡಿದ್ದ ಅದೇ ಕ್ಷಾಮ ಅದು. ಎದುರಿಗಿರುವುದನ್ನು ಅಲುಗದೆ ನೋಡಬಲ್ಲ ಆ ತಣ್ಣನೆಯ ಮನಸ್ಸು ಮುಂದೆ ಅವನನ್ನೇ ಕಟಕಟೆಗೆ ತಂದಿತು: 1886ರಲ್ಲಿ ಮಾಂಡಲೆಯಲ್ಲಿ ಕೈದಿಗಳಿಗೆ ಗುಂಡಿಕ್ಕುವ ಕ್ಷಣವನ್ನು ಕ್ಯಾಮೆರಾಕ್ಕೆ ಹೊಂದಿಸಿಕೊಳ್ಳಲು ತಡೆದ ಎಂಬ ಆರೋಪದ ಮೇಲೆ ವಿಚಾರಣೆ ನಡೆಯಿತು.

ಮೈಸೂರಿನ ಟಿ.ಎಸ್. ಸತ್ಯನ್ ಹೂಪರ್‌ನ ತೀರ ಎದುರು ದಿಕ್ಕಿನವರು. 1923ರಲ್ಲಿ ಹುಟ್ಟಿ, ‘ಡೆಕ್ಕನ್ ಹೆರಾಲ್ಡ್’ನಿಂದ ‘ಲೈಫ್’ ಪತ್ರಿಕೆಯವರೆಗೆ ದುಡಿದು, 1977ರಲ್ಲಿ ಪದ್ಮಶ್ರೀ ಪಡೆದ ಸತ್ಯನ್ ಸಿಡುಬು ನಿರ್ಮೂಲನದಂಥ ಕೆಲಸಕ್ಕೂ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಳ್ಳಿ ಹಳ್ಳಿ ತಿರುಗಿದರು. ಅವರು ಬಡತನವನ್ನು ಮರೆಮಾಚಲಿಲ್ಲ. ಚಿಂದಿ ಬಟ್ಟೆ, ಮಣ್ಣು ಮೆತ್ತಿದ ಕಾಲು ಎಲ್ಲ ಅಲ್ಲಿವೆ. ಆದರೆ ಅವರ ಮಕ್ಕಳು ಆಡುತ್ತಿರುತ್ತಾರೆ, ಜಗಳವಾಡುತ್ತಿರುತ್ತಾರೆ, ನಗುತ್ತಿರುತ್ತಾರೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. ಸತ್ಯನ್ ಅವರದು ಮೆದು ನೋಟವಾಯಿತು ಎನ್ನುವವರಿರಬಹುದು. ಹೂಪರ್ ಮತ್ತು ಸತ್ಯನ್ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಹಸಿವಿನ ಬಗ್ಗೆ ಹೆಚ್ಚು ಹೇಳುವವರು ಸತ್ಯನ್ ಎಂದೇ ಈ ಲೇಖಕನಿಗೆ ಅನ್ನಿಸುತ್ತದೆ. ಅವರ ಚಿತ್ರದಲ್ಲಿ ಹಸಿದವರಿಗೆ ಹಸಿವಿನ ಹೊರತು ಇನ್ನೇನೋ ಇದೆ.

ಮನಃಸ್ಥಿತಿಯನ್ನೇ ವಸ್ತುವಾಗಿಸಿಕೊಂಡವರೂ ಉಂಟು. ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಝ್ 1922ರಿಂದ ವರ್ಷಗಟ್ಟಲೆ ಬರೀ ಮೋಡಗಳನ್ನು ತೆಗೆದು, ಅವು ತನ್ನ ಒಳಗಿನ ಭಾವಗಳಿಗೆ ಸಮಾನ ಎಂಬ ಅರ್ಥದಲ್ಲಿ ‘ಈಕ್ವಿವಲೆಂಟ್ಸ್’ ಎಂದು ಕರೆದ. ಆ ಚಿತ್ರಗಳನ್ನು ಇಂಡಿ ಕಡೆಯ ಯಾವುದಾದರೂ ಕಟ್ಟೆಯ ಮೇಲೆ ಹರಡಿದರೆ ಮಾತು ಬೇರೆ ಜಾಡಿಗೆ ಹೊರಳೀತು. ಇದು ಉತ್ತರಿ ಮಳೆಯ ಮೋಡವೋ, ಹಸ್ತದ್ದೋ, ಗಾಳಿ ಯಾವ ಕಡೆಯಿಂದ? ಬಿತ್ತನೆಯನ್ನು ತಲೆಯಲ್ಲಿಟ್ಟುಕೊಂಡ ಕಣ್ಣಿಗೆ ಮೋಡದಲ್ಲಿ ಕಾಣುವುದು ಭಾವವಲ್ಲ, ಬೀಜದ ಚೀಲ.

ಹೀಗೆ ಒಣ ನೆಲವೆಂದು ಹೆಸರಾದ ಜಿಲ್ಲೆ ನೀರಿಗೆ ಸಿಕ್ಕಾಗ ಚಿತ್ರಗಳು ತಬ್ಬಿಬ್ಬಾದವು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ಬಾಗೇವಾಡಿ, ತಾಳಿಕೋಟೆ ಸೀಮೆಯಲ್ಲಿ ಹರಿದು ಕೃಷ್ಣೆ ಸೇರುವ ಡೋಣಿ, ಹೂಳು ತುಂಬಿದ ತನ್ನ ಪಾತ್ರ ಬಿಟ್ಟು ಹೊಲಗಳಿಗೆ ನುಗ್ಗಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿಯ ದಂಡೆಯ ಹಳ್ಳಿಗಳು ಮುಳುಗಿದವು. ನೆರೆಯ ಚಿತ್ರಕ್ಕೂ ಸಿದ್ಧ ಅಚ್ಚು ಇದೆ, ಬೋಟಿನಿಂದ ತೆಗೆದ ನೀರಿನ ಬಯಲು, ಮಾಳಿಗೆಯ ಮೇಲೆ ಕೂತವರು. ಮಣ್ಣಿನ ಗೋಡೆಯ ಮನೆಗಳ ಸಂಕಟ ಆ ಅಚ್ಚಿನಲ್ಲಿ ಕೂರುವುದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ನೆನೆದ ಗೋಡೆ ಸಡಿಲಗೊಂಡು ಕುಸಿಯುವ ಹೊತ್ತಿಗೆ ಕ್ಯಾಮೆರಾ ಬೇರೆ ಸುದ್ದಿಗೆ ಹೋಗಿರುತ್ತದೆ.

ಹಾಗಾದರೆ ಬರದ ನಿಜವಾದ ಗುರುತು ಎಲ್ಲಿ ಸಿಗುತ್ತದೆ? ಬೇಸಿಗೆಗಿಂತ ಅಕ್ಟೋಬರಿನಲ್ಲಿ ಹುಡುಕಿದರೆ ಒಳ್ಳೆಯದು. ಹಿಂಗಾರಿ ಮಳೆ ಕೈಕೊಟ್ಟ ವರ್ಷ ಬಿತ್ತದೆ ಬಿಟ್ಟ ಹೊಲ ಚಿತ್ರಕ್ಕೆ ತೀರ ಸಪ್ಪೆ. ನಯವಾದ ಕಪ್ಪು ನೆಲ, ಅಷ್ಟೆ. ಆದರೆ ಆ ವರ್ಷದ ಕಷ್ಟವೆಲ್ಲ ಅಲ್ಲಿಂದಲೇ ಶುರು. ಜನವರಿಯಲ್ಲಿ ಮನೆಯ ಹಿತ್ತಲಿನ ಕಣಿಕೆ ಬಣವೆ ಎಷ್ಟು ಕಿರಿದಾಗಿದೆ, ಸಂತೆಗೆ ಎತ್ತುಗಳು ಎಷ್ಟು ಬೇಗ ಬಂದಿವೆ, ಗುಳೆ ಹೋದವರ ಬಾಗಿಲಿಗೆ ಯಾವ ತಿಂಗಳು ಬೀಗ ಬಿತ್ತು ಎಂಬುದನ್ನೆಲ್ಲ ಹಿಡಿಯಬಹುದು. ಇಂಡಿಯ ನಿಂಬೆ ತೋಟಗಳಲ್ಲಿ ಇನ್ನೂ ಸ್ಪಷ್ಟ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿ ನಿಂಬೆಯನ್ನು ಉಳಿಸಲು ಬರದ ವರ್ಷಗಳಲ್ಲಿ ರೈತರು ಟ್ಯಾಂಕರಿನಿಂದ ನೀರುಣಿಸುತ್ತಾರೆ. ಹಸಿರು ಗಿಡದ ಬುಡಕ್ಕೆ ಪೈಪು ಹಿಡಿದು ನಿಂತವನ ಚಿತ್ರ ಬರದ ಚಿತ್ರವೆಂದು ಯಾರಿಗೂ ಅನ್ನಿಸದು, ಅದರಲ್ಲಿ ಹಸಿರಿದೆಯಲ್ಲ! ಸಾಲದ ಲೆಕ್ಕ ಮಾತ್ರ ಆ ಹಸಿರಿನೊಳಗೇ ಕೂತಿರುತ್ತದೆ.

ಈ ಊರುಗಳ ಜನ ತಮ್ಮನ್ನು ತಾವು ಹೇಗೆ ನೋಡಿಕೊಂಡರು ಎಂಬುದಕ್ಕೂ ದಾಖಲೆ ಇದೆ, ಆದರೆ ಅದು ಪತ್ರಿಕಾ ಕಚೇರಿಯ ಕಡತದಲ್ಲಿಲ್ಲ. ಪೇಟೆಯ ಸ್ಟುಡಿಯೊಗಳಲ್ಲಿ, ಮನೆಯ ಪಡಸಾಲೆಯ ಗೋಡೆಗಳಲ್ಲಿದೆ. ಹೂದೋಟ, ಮೆಟ್ಟಿಲುಗಳ ಬಣ್ಣದ ಪರದೆಯ ಮುಂದೆ ಕುರ್ಚಿಯಲ್ಲಿ ಕೂತ ಗಂಡ, ಪಕ್ಕದಲ್ಲಿ ಇಳಕಲ್ ಸೀರೆಯ ಹೆಂಡತಿ. ಸ್ಟುಡಿಯೊದವನು ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಟಚಿಂಗ್ ಮಾಡಿ ಸುಕ್ಕು, ಕಲೆ ಅಳಿಸಿ ಕೊಡುತ್ತಿದ್ದ. ಮಳೆ ಹೋದ ವರ್ಷವೂ ಯಾರೂ ಬರಪೀಡಿತನಾಗಿ ಫೋಟೊ ತೆಗೆಸಿಕೊಳ್ಳಲು ಸ್ಟುಡಿಯೊಕ್ಕೆ ಹೋಗಲಿಲ್ಲ. ಈ ಚಿತ್ರಗಳೂ ಒಂದು ಬಗೆಯ ಬಯಕೆಯಿಂದ ಹುಟ್ಟಿದವೇ, ಹಾಗಾಗಿ ಇವೇ ಪೂರ್ತಿ ಸತ್ಯ ಎನ್ನಲಾಗದು. ಆದರೆ ಹೊರಗಿನವರ ಬಿರುಕು ಮತ್ತು ಒಳಗಿನವರ ಹೂದೋಟದ ಪರದೆ, ಇವೆರಡರಲ್ಲಿ ಪತ್ರಿಕೆಗಳು ಒಂದನ್ನು ಮಾತ್ರ ಅಚ್ಚು ಹಾಕುತ್ತ ಬಂದಿವೆ.

ಈಗ ಮೊಬೈಲ್ ಬಂದ ಮೇಲೆ ಎಳ್ಳ ಅಮಾವಾಸ್ಯೆಯ ದಿನ ಈ ನಾಲ್ಕೂ ತಾಲ್ಲೂಕುಗಳಿಂದ ಹೊರಡುವ ಚಿತ್ರಗಳೇ ಬೇರೆ. ತೆನೆ ಹೊತ್ತು ನಿಂತ ಜೋಳ, ಚರಗ ಚೆಲ್ಲುವ ಕೈ, ಬಂಡಿ ಅಥವಾ ಟ್ರ್ಯಾಕ್ಟರ್ ಇಳಿದ ಮನೆಮಂದಿ, ಸಜ್ಜೆ ರೊಟ್ಟಿ, ಬಜ್ಜಿ, ಕಡುಬಿನ ಬುತ್ತಿ. ಏಪ್ರಿಲ್ ಚಿತ್ರದ ಅದೇ ಹೊಲ, ನಾಲ್ಕು ತಿಂಗಳ ಹಿಂದಿನದು. ಡೋಣಿ ಸಾಲು ಬೆಳೆದರೆ ಓಣಿಗೆಲ್ಲ ಜೋಳ ಎಂಬ ಅರ್ಥದ ಮಾತು ಈ ಭಾಗದಲ್ಲಿ ಹಳೆಯದು, ಆ ಮಾತಿನ ಚಿತ್ರಗಳು ಇವು. ರಾಜಧಾನಿಯ ಪತ್ರಿಕಾ ಕಚೇರಿಗಳಲ್ಲಿ ‘ವಿಜಯಪುರ’ ಎಂದು ಹುಡುಕಿದರೆ ಇವು ಸಿಗುವ ಸಂಭವ ಕಡಿಮೆ.

ನೋಟದ ಪಕ್ಷಪಾತವನ್ನು ಪೂರ್ತಿ ತೊಡೆಯಲಾಗದು, ಅದನ್ನು ಪಕ್ಕಕ್ಕಿಟ್ಟು ಹೋಲಿಸಲು ದಾರಿಯಂತೂ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯನ್ನು ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಆ ನೆಗೆಟಿವ್‌ಗಳು ಮತ್ತೆ ಪತ್ತೆಯಾದ ಮೇಲೆ, 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ, ಅದೇ ಕೋನದಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ತೆಗೆದರು. 1565ರ ಯುದ್ಧ ಹಾಳುಗೆಡವಿದ ಊರು ಅದು. ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ, ತಂಗಡಗಿಗಳು ಇರುವುದು ಮುದ್ದೇಬಿಹಾಳದ ಸೀಮೆಯಲ್ಲೇ. ಜೋಡಿ ಚಿತ್ರಗಳಲ್ಲಿ ನೋಡುಗ ಮೊದಲು ಹುಡುಕುವುದು ಏನು ಬಿದ್ದಿದೆ, ಏನು ಎದ್ದಿದೆ ಎಂಬುದನ್ನು. ತೆಗೆದವನ ಮನಸ್ಸು ಅಷ್ಟರಮಟ್ಟಿಗೆ ಹಿಂದೆ ಸರಿಯುತ್ತದೆ.

ಇಂಡಿ–ಸಿಂದಗಿ ರಸ್ತೆಯ ಯಾವುದೇ ಹೊಲಕ್ಕೆ ಇದನ್ನು ಮಾಡಲು ದುಬಾರಿ ಸಾಮಾನೇನೂ ಬೇಡ. ಬದುವಿನ ಒಂದು ಕಲ್ಲು ಗುರುತಿಟ್ಟುಕೊಂಡು, ಅದೇ ಕಲ್ಲಿನ ಪಕ್ಕ ನಿಂತು, ಅದೇ ಲೆನ್ಸಿನಲ್ಲಿ ಕಾರಹುಣ್ಣಿಮೆಗೆ ಒಮ್ಮೆ, ಎಳ್ಳ ಅಮಾವಾಸ್ಯೆಗೆ ಒಮ್ಮೆ, ಬಸವ ಜಯಂತಿಗೆ ಒಮ್ಮೆ ತೆಗೆದರೆ ಸಾಕು. ಕಪ್ಪು ಮಣ್ಣಿನ ಪಕ್ಕ ಬಿಳಿಯ ಟವೆಲ್ಲೊಂದನ್ನು ಇಟ್ಟುಕೊಂಡರೆ ಎಕ್ಸ್‌ಪೋಶರ್ ಅಳತೆಗೂ ಆಯಿತು. ಹೋಬಳಿ ಮಟ್ಟದ ಮಳೆಯ ಲೆಕ್ಕವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸಂಗ್ರಹಿಸುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಬಿರುಕಿನ ಚಿತ್ರ ಅಚ್ಚಾಗುವಾಗ ಅದರ ಕೆಳಗೆ ತಿಂಗಳು, ಬೆಳೆ ಮತ್ತು ಆ ಹಂಗಾಮಿನ ಮಳೆಯ ಮಿಲಿಮೀಟರು ಸೇರಿಸಲು ಉಪಸಂಪಾದಕರಿಗೆ ಇನ್ನೊಂದು ಸಾಲಿನ ಜಾಗ ಬೇಕಾದೀತು.